ಲಾ ಫರ್ಮ್ ಉದ್ಯೋಗಾಕಾಂಕ್ಷಿಗಳಿಗೆ ಸಿಗುವ ಸಲಹೆ: ಒಂದು ವಿಮರ್ಶೆ

ಲಾ ಫರ್ಮ್‌ಗಳಲ್ಲಿ ಕೆಲಸ ಬಯಸುವ ಕಾನೂನು ಪದವೀಧರರಿಗೆ ಭಾರತದಲ್ಲಿ ಸಿಗುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ರೆಸ್ಯೂಮೆ ಒಂದೆರಡು ಪುಟ ಮೀರಬಾರದು, ಅಂಕ ಚೆನ್ನಾಗಿರಬೇಕು, ಮೂಟ್ ಕೋರ್ಟ್ ಸ್ಪರ್ಧೆಗಳಲ್ಲಿ ಹೆಸರು ಮಾಡಿರಬೇಕು, ಲೇಖನಗಳು ಪ್ರಕಟವಾಗಿರಬೇಕು, ಇಂಟರ್ನ್‌ಶಿಪ್‌ಗಳ ಪಟ್ಟಿ ಉದ್ದವಿರಬೇಕು. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಐದು ವರ್ಷದ ಕೋರ್ಸಿಗೆ ಮೊದಲ ತಂಡವನ್ನು ಸೇರಿಸಿಕೊಂಡ ಮೇಲೆ ಅದೇ ಮಾದರಿಯ ವಿಶ್ವವಿದ್ಯಾಲಯಗಳು ಇತರ ರಾಜ್ಯಗಳಲ್ಲೂ ಹುಟ್ಟಿಕೊಂಡವು. ಅಲ್ಲಿ ಬೇರೂರಿದ ಕ್ಯಾಂಪಸ್ ನೇಮಕಾತಿಯ ಅಗತ್ಯಗಳೇ ಈ ಸಲಹೆಗಳಲ್ಲಿ ಎದ್ದು ಕಾಣುತ್ತವೆ.

ಇವುಗಳಲ್ಲಿ ಹುರುಳಿಲ್ಲವೆಂದಲ್ಲ. ಒಪ್ಪಂದದ ಕರಡನ್ನು ಅಕ್ಷರ ಬಿಡದೆ ತಿದ್ದುವ ಕೆಲಸಕ್ಕೆ ಬರುವವರು ಸ್ವಂತ ಅರ್ಜಿಯಲ್ಲೇ ತಪ್ಪು ಉಳಿಸಿದರೆ, ಅದನ್ನು ಮುಂದೆ ಓದಲು ಯಾರಿಗೂ ಮನಸ್ಸಾಗುವುದಿಲ್ಲ. ಇಂಟರ್ನ್‌ಶಿಪ್‌ಗೆ ಕೊಡುವ ಒತ್ತೂ ಸರಿಯಾದದ್ದೇ. ದೊಡ್ಡ ಫರ್ಮ್‌ಗಳು ಇಂಟರ್ನ್‌ಗಳ ಕೆಲಸ ನೋಡಿ, ಮೆಚ್ಚಿದವರಿಗೆ ಪದವಿ ಮುಗಿಯುವ ಮೊದಲೇ ಉದ್ಯೋಗ ಕಾಯ್ದಿರಿಸುವ ಪಿಪಿಒ ಪದ್ಧತಿಯನ್ನು ಇಟ್ಟುಕೊಂಡಿವೆ.

ಈ ಸಲಹೆಗಳ ದೋಷವಿರುವುದು ಎಣಿಕೆಯ ಮೋಹದಲ್ಲಿ. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಅಷ್ಟು ಎಲ್ಲರಲ್ಲೂ ಇರುವುದರಿಂದ, ಅಲ್ಲಿ ಮಾಡಿದ್ದೇನು ಎಂಬುದೇ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುತ್ತದೆ. “ರಿಯಲ್ ಎಸ್ಟೇಟ್ ವಿಭಾಗದ ಸಂಶೋಧನೆಗೆ ನೆರವಾದೆ” ಎಂಬ ಸಾಲಿನಿಂದ ಏನೂ ತಿಳಿಯದು. “ಕಂಪನಿಯೊಂದರ ಬಾಡಿಗೆ ಕರಾರುಗಳನ್ನು ಓದಿ, ಅವಧಿ ಒಂದು ವರ್ಷ ಮೀರಿದ್ದರೂ ನೋಂದಣಿಯಾಗದವುಗಳನ್ನು ಪಟ್ಟಿ ಮಾಡಿದೆ” ಎಂದು ಬರೆದರೆ, ಅಭ್ಯರ್ಥಿ ದಾಖಲೆಗಳನ್ನು ಖುದ್ದಾಗಿ ಓದಿದ್ದಾರೆ, 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಅವರಿಗೆ ಗೊತ್ತಿದೆ ಎಂಬುದು ಒಟ್ಟಿಗೇ ತಿಳಿಯುತ್ತದೆ. ಸಂದರ್ಶನದಲ್ಲಿ ಮಾತು ಬೆಳೆಯುವುದೂ ಇಂಥ ಸಾಲಿನಿಂದ. ಆದರೆ ಕಕ್ಷಿದಾರರ ಹೆಸರನ್ನು ರೆಸ್ಯೂಮೆಯಲ್ಲಿ ಹಾಕುವುದು, ಒಂದು ಫರ್ಮ್‌ನ ಕರಡನ್ನೇ ಬರವಣಿಗೆಯ ಮಾದರಿಯೆಂದು ಇನ್ನೊಂದಕ್ಕೆ ಕಳಿಸುವುದು ಗೋಪ್ಯತೆಯ ಭಂಗ. ಈ ಎಚ್ಚರಿಕೆಗೆ ಸಲಹೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಎರಡನೆಯ ಕೊರತೆ, ಎಲ್ಲ ಅಭ್ಯರ್ಥಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಮುಂಬೈ, ದೆಹಲಿಗಳಲ್ಲಿ ತಿಂಗಳುಗಟ್ಟಲೆ ಇದ್ದು ಇಂಟರ್ನ್‌ಶಿಪ್ ಮಾಡಲು ಬಾಡಿಗೆ, ಊಟದ ಖರ್ಚನ್ನು ಮನೆಯವರು ಹೊರಬೇಕು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಓದಿ, ಊರಿನ ವಕೀಲರ ಕಚೇರಿಯಲ್ಲಿ ಪಳಗಿದವರಿಗೆ ಆ ಅನುಕೂಲವಿಲ್ಲ. ಅವರ ಕೈಯಲ್ಲಿರುವ ಬಲವನ್ನು ಸಲಹೆಗಾರರು ಗುರುತಿಸುವುದೂ ಇಲ್ಲ. ಕರ್ನಾಟಕದ ಜಮೀನಿನ ಹಕ್ಕುಪತ್ರ ಪರಿಶೀಲಿಸುವಾಗ ಪಹಣಿ, ಮ್ಯುಟೇಷನ್, ಹಳೆಯ ಕ್ರಯಪತ್ರ ಓದದೆ ಗತ್ಯಂತರವಿಲ್ಲ, ಅವು ಬಹುಪಾಲು ಕನ್ನಡದಲ್ಲೇ ಇವೆ. ಕೈಬರಹದ ಪಹಣಿಯ ಕಲಮುಗಳನ್ನು ಬಿಡಿಸಿ ಓದಿ, ಇಂಗ್ಲಿಷಿನಲ್ಲಿ ಚೊಕ್ಕ ವರದಿ ಬರೆಯಬಲ್ಲವರಿಗೆ ಬೆಂಗಳೂರಿನ ಫರ್ಮ್‌ಗಳಲ್ಲಿ ನಿಜವಾದ ಕೆಲಸವಿದೆ. ಇದನ್ನು ರೆಸ್ಯೂಮೆಯ ಕೊನೆಯಲ್ಲಿ “ಬಲ್ಲ ಭಾಷೆಗಳು” ಎಂಬಲ್ಲಿ ಮುಗಿಸದೆ, ವೃತ್ತಿ ಅನುಭವವಾಗಿಯೇ ಬರೆಯುವುದು ಸೂಕ್ತ.

ಕೆಲಸದ ಸ್ವರೂಪದ ಬಗ್ಗೆಯೂ ಸಲಹೆಗಳು ಹೆಚ್ಚು ಹೇಳುವುದಿಲ್ಲ. ಕಾರ್ಪೊರೇಟ್ ವಿಭಾಗ ಸೇರಿದ ಹೊಸಬರು ಕೋರ್ಟಿನ ಮೆಟ್ಟಿಲು ಹತ್ತುವುದು ಅಪರೂಪ. ದಾಖಲೆ ಓದುವುದು, ಕರಡು ತಿದ್ದುವುದು, ವ್ಯವಹಾರ ಮುಗಿಯುವ ಹೊತ್ತಿಗೆ ತಡರಾತ್ರಿಯವರೆಗೆ ಕೂರುವುದು ಅವರ ದಿನಚರಿ. ವಾದಮಂಡನೆಯ ಆಸೆಯಿಂದ ಕಾನೂನು ಓದಿದವರು ಅರ್ಜಿ ಹಾಕುವ ಮೊದಲೇ ಇದನ್ನು ತಿಳಿದಿರಬೇಕು.

ಒಟ್ಟಿನಲ್ಲಿ, ಚಾಲ್ತಿಯಲ್ಲಿರುವ ಸಲಹೆಗಳು ಅರ್ಜಿಯ ಒಪ್ಪಓರಣಕ್ಕೆ ಉಪಯುಕ್ತ, ಅರ್ಹತೆಯನ್ನು ತೋರಿಸಿಕೊಳ್ಳಲು ಸಾಲವು. ಹತ್ತು ಇಂಟರ್ನ್‌ಶಿಪ್‌ಗಳ ಪಟ್ಟಿಗಿಂತ, ಕೇಳಿದವರಿಗೆ ವಿವರಿಸಬಲ್ಲ ಎರಡು ಕೆಲಸಗಳೇ ಮೇಲು.