ಮರುದಿನದ ಪ್ರಶ್ನೆ: ಹೃದಯಸ್ಪರ್ಶಿ ದೃಶ್ಯಗಳು, ಕಳವಳದ ಸುದ್ದಿ ಮತ್ತು ನಮ್ಮ ಪ್ರಬೋಧನೆ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಪ್ರಬೋಧನೆಗಳಲ್ಲಿ ಒಂದು ರೂಢಿ ನೆಲೆಯೂರಿದೆ. ಗುರುವು ಆ ವಾರದ ಕಳವಳಕಾರಿ ಸುದ್ದಿಯೊಂದನ್ನು ಪ್ರಸ್ತಾಪಿಸುತ್ತಾರೆ. ಅದು ಕೋಮು ಗಲಭೆಯಿರಬಹುದು, ದ್ವೇಷ ಭಾಷಣವಿರಬಹುದು, ವಿಧಾನಮಂಡಲದಲ್ಲಿ ಮಂಡನೆಯಾದ ಮಸೂದೆಯಿರಬಹುದು. ಸಭೆಯ ಮುಖ ಬಾಡುತ್ತದೆ. ಆಗ ಅವರು ಮೊಬೈಲಿನಲ್ಲಿ ತಾವು ಕಂಡ ಸೌಹಾರ್ದದ ದೃಶ್ಯವೊಂದನ್ನು ವಿವರಿಸಿ, ಲೋಕದಲ್ಲಿ ಒಳ್ಳೆಯತನ ಇನ್ನೂ ಉಳಿದಿದೆ ಎಂದು ಮುಗಿಸುತ್ತಾರೆ. ಮೈಸೂರಿನ ನಮ್ಮ ತರಗತಿಯಲ್ಲಿ ಪ್ರಬೋಧನೆಯ ಅಭ್ಯಾಸಕ್ಕೆ ನಿಲ್ಲುವ ಗುರುವಿದ್ಯಾರ್ಥಿಗಳು ಇದನ್ನು ಬಹುಬೇಗ ಕಲಿತಿದ್ದಾರೆ. ಯಾರಿಂದ ಕಲಿತರೆಂದು ನಾನು ಹುಡುಕಬೇಕಾಗಿಲ್ಲ. ನಾನೂ ಹಾಗೆಯೇ ಪ್ರಬೋಧಿಸಿದ್ದೇನೆ. ಈ ರೂಢಿಯನ್ನು ದೈವಶಾಸ್ತ್ರದ ನೆಲೆಯಲ್ಲಿ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪವಿತ್ರ ವಾರದ ಎರಡು ದೃಶ್ಯಗಳು

2022ರ ವಸಂತದಲ್ಲಿ ಕರ್ನಾಟಕ ನೆಮ್ಮದಿಯಿಂದಿರಲಿಲ್ಲ. ಫೆಬ್ರವರಿಯ ಹಿಜಾಬ್ ವಿವಾದದ ಬೆನ್ನಿಗೇ, ಮಾರ್ಚಿನಲ್ಲಿ ಕಾಪು ಮಾರಿಗುಡಿಯ ಜಾತ್ರೆಯಿಂದ ಮೊದಲ್ಗೊಂಡು ಹಲವು ದೇವಾಲಯಗಳ ಉತ್ಸವಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸುವ ಫಲಕಗಳು ಕಾಣಿಸಿಕೊಂಡವು. ಧಾರ್ಮಿಕ ದತ್ತಿ ಕಾಯಿದೆಯಡಿ 2002ರಲ್ಲಿ ರಚಿತವಾದ ನಿಯಮಗಳನ್ನು ಸರ್ಕಾರವು ಸದನದಲ್ಲಿ ಉಲ್ಲೇಖಿಸಿತು. ಏಪ್ರಿಲ್ 9ರಂದು, ಅಂದರೆ ಗರಿಗಳ ಭಾನುವಾರದ ಹಿಂದಿನ ದಿನ, ಧಾರವಾಡದ ಬಳಿಯ ನುಗ್ಗಿಕೇರಿ ಹನುಮಂತ ದೇವಾಲಯದ ಆವರಣದಲ್ಲಿ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ಕೆಲವರು ನೆಲಕ್ಕೆ ಬಡಿದು ಒಡೆದರು. ಅದರ ವಿಡಿಯೊ ನಾಡೆಲ್ಲ ಹರಡಿತು. ಪೊಲೀಸರು ಕೆಲವರನ್ನು ಬಂಧಿಸಿದರು. ನೊಂದ ವ್ಯಾಪಾರಿಗೆ ಜಾತಿಮತಗಳ ಭೇದವಿಲ್ಲದೆ ಜನರು ನೆರವು ನೀಡಿದರು. ಆ ನೆರವಿನ ಚಿತ್ರಗಳೂ ಅಷ್ಟೇ ವೇಗವಾಗಿ ಹರಡಿದವು.

ನಾಲ್ಕು ದಿನಗಳ ತರುವಾಯ, ಪವಿತ್ರ ವಾರದ ಬುಧವಾರ, ಬೇಲೂರಿನ ಚೆನ್ನಕೇಶವಸ್ವಾಮಿಯ ರಥೋತ್ಸವ ನಡೆಯಿತು. ರಥ ಹೊರಡುವ ಮುನ್ನ ಕುರಾನಿನ ವಚನಗಳನ್ನು ಪಠಿಸುವ ಹಳೆಯ ಪದ್ಧತಿ ಅಲ್ಲಿದೆ. ವಿರೋಧವಿದ್ದರೂ ಆ ವರ್ಷ ಪಠಣ ನಡೆಯಿತು. ಹೊಯ್ಸಳ ಶಿಲ್ಪದ ಮುಂದೆ, ಅಲಂಕೃತ ರಥದ ಸನಿಹದಲ್ಲಿ ಖಾಜಿಯವರು ನಿಂತು ಪಠಿಸುವ ದೃಶ್ಯ ಯಾರ ಮನಸ್ಸನ್ನಾದರೂ ಕರಗಿಸುವಂಥದ್ದು.

ಏಪ್ರಿಲ್ 17ರ ಪುನರುತ್ಥಾನದ ಭಾನುವಾರ ನಾನು ಈ ಎರಡನ್ನೂ ಜೋಡಿಸಿ ಪ್ರಬೋಧಿಸಿದೆ. ಒಡೆದ ಹಣ್ಣು ಶುಕ್ರವಾರವಾಯಿತು, ಬೇಲೂರಿನ ರಥ ಭಾನುವಾರವಾಯಿತು. ಪ್ರಬೋಧನೆ ಚೆನ್ನಾಗಿತ್ತೆಂದು ಅನೇಕರು ಹೇಳಿದರು. ಬಲಿಪೂಜೆಯ ನಂತರ, ಬೀದಿಬದಿಯಲ್ಲಿ ತರಕಾರಿ ಮಾರಿ ಬದುಕುವ ಹಿರಿಯ ತಾಯಿಯೊಬ್ಬರು ಬಾಗಿಲ ಬಳಿ ನಿಂತು ಕೇಳಿದರು: "ಸ್ವಾಮಿ, ಆ ಹಣ್ಣಿನವನು ಮಾರನೇ ದಿನ ಅಲ್ಲೇ ಅಂಗಡಿ ಇಟ್ಟನಾ?" ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ತಕ್ಕಡಿ ಹಿಡಿದು ಬದುಕಿದ ಆ ತಾಯಿಗೆ ನನ್ನ ತೂಕದಲ್ಲಿ ಎಲ್ಲಿ ಮೋಸವಿದೆಯೆಂದು ತಕ್ಷಣ ತಿಳಿದಿತ್ತು.

ಪ್ರಕಾರದ ಲಕ್ಷಣಗಳು

ಹೃದಯಸ್ಪರ್ಶಿ ದೃಶ್ಯವೂ ಒಂದು ಕಥನ ಪ್ರಕಾರ. ಅದಕ್ಕೆ ತನ್ನದೇ ಲಕ್ಷಣಗಳಿವೆ. ಮೊದಲನೆಯದು, ಅದು ಒಬ್ಬ ವ್ಯಕ್ತಿಯನ್ನು ತೋರಿಸುತ್ತದೆ, ಸಮುದಾಯವನ್ನು ಮರೆಗೆ ಸರಿಸುತ್ತದೆ. 2021ರ ನವೆಂಬರ್ 8ರಂದು ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಿನಲ್ಲಿ, ಹಾಲಕ್ಕಿ ಉಡುಗೆಯಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಪದ್ಮಶ್ರೀ ಸ್ವೀಕರಿಸಿದರು. ಕಿತ್ತಳೆ ಮಾರಿ ಕೂಡಿಟ್ಟ ಹಣದಿಂದ ಊರಿಗೊಂದು ಶಾಲೆ ತಂದ ಹರೇಕಳ ಹಾಜಬ್ಬನವರೂ ಅದೇ ದಿನ ಗೌರವ ಪಡೆದರು. ಆ ಚಿತ್ರಗಳನ್ನು ಹಂಚಿಕೊಳ್ಳದ ಕನ್ನಡಿಗರು ವಿರಳ. ಆದರೆ ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ದಶಕಗಳಿಂದ ಬೇಡಿಕೆ ಸಲ್ಲಿಸುತ್ತಿದ್ದಾರೆ ಎಂಬುದು ಆ ಚಿತ್ರದ ಜೊತೆ ಹರಡಲಿಲ್ಲ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು ತೀರಿಕೊಂಡಾಗ ಅದೇ ಚಿತ್ರ ಮರಳಿ ಬಂದಿತು. ಬರಿಗಾಲು ನಮ್ಮನ್ನು ಕರಗಿಸಿತು. ಆ ಜನಾಂಗದ ಅಹವಾಲು ನಮ್ಮನ್ನು ತಟ್ಟಲಿಲ್ಲ.

ಎರಡನೆಯದು, ಆ ದೃಶ್ಯದಲ್ಲಿ ಕಾಲವಿಲ್ಲ. ನೆರವು ಕೈ ಸೇರಿದಲ್ಲಿಗೆ ಕಥೆ ಮುಗಿಯುತ್ತದೆ. ಬೇಲೂರಿನಲ್ಲಿ ಮರುವರ್ಷವೂ ಅದೇ ಪಠಣದ ವಿರುದ್ಧ ಪ್ರತಿಭಟನೆ ನಡೆಯಿತು. ನಾನು ಭಾನುವಾರವೆಂದು ಕರೆದದ್ದು ಇನ್ನೂ ಶುಕ್ರವಾರದ ನೆರಳಲ್ಲೇ ಇತ್ತು. ಮೂರನೆಯದು, ಅದರ ನಿಜವಾದ ಫಲಾನುಭವಿ ನೋಡುಗನೇ. ಕಣ್ಣು ತೇವಗೊಂಡವನಿಗೆ ತಾನೂ ಆ ಒಳ್ಳೆಯತನದ ಪಾಲುದಾರನೆಂಬ ಭಾವನೆ ಮೂಡುತ್ತದೆ. ಆತ ಏನನ್ನೂ ಕೊಟ್ಟಿರುವುದಿಲ್ಲ, ಎಲ್ಲಿಗೂ ಹೋಗಿರುವುದಿಲ್ಲ.

ಕ್ರೈಸ್ತರಾದ ನಮಗೆ ಇದು ಅನುಭವದಿಂದಲೇ ಅರ್ಥವಾಗಬೇಕು. 2008ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ಮಹೋನ್ನತಿಯ ಹಬ್ಬದ ಭಾನುವಾರ, ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾಯಿತು. ಆ ದಿನಗಳಲ್ಲಿ ನಮ್ಮನ್ನು ಸಂತೈಸಲು ಬಂದವರು, ನಿಮ್ಮ ನೆರೆಹೊರೆಯವರು ಒಳ್ಳೆಯವರೇ ಅಲ್ಲವೇ ಎಂದು ಕೇಳುತ್ತಿದ್ದರು. ಅದು ಸತ್ಯವೇ ಆಗಿತ್ತು. ಆದರೆ ನಮ್ಮ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ನಮ್ಮ ಪ್ರಶ್ನೆ ನ್ಯಾಯದ್ದಾಗಿತ್ತು. ಕೊಟ್ಟ ಉತ್ತರ ಸ್ನೇಹದ್ದಾಗಿತ್ತು. ಅಂದು ನಮಗೆ ಸಾಲದೆನಿಸಿದ ಉತ್ತರವನ್ನೇ ಇಂದು ನಾವು ಇತರರಿಗೆ ಕೊಡುತ್ತಿದ್ದೇವೆ.

ಮೆರವಣಿಗೆಯ ನಡುವೆ ಕಣ್ಣೀರು

2022 'ಸಿ' ವರ್ಷವಾಗಿತ್ತು. ಗರಿಗಳ ಮೆರವಣಿಗೆಗೆ ನಾವು ಓದಿದ ಶುಭಸಂದೇಶ ಲೂಕ 19:28-40. ಶಿಷ್ಯರು ಹರ್ಷದಿಂದ ಕೂಗುತ್ತಾರೆ. ಫರಿಸಾಯರು ಅವರನ್ನು ಗದರಿಸಲು ಹೇಳುತ್ತಾರೆ. ಯೇಸು ಆ ಹರ್ಷವನ್ನು ಸಮರ್ಥಿಸುತ್ತಾರೆ. ಪಾಠ ಅಲ್ಲಿಗೆ ನಿಲ್ಲುತ್ತದೆ. ಮರುವಚನದಲ್ಲಿಯೇ, ಅಂದರೆ 41ನೆಯ ವಚನದಲ್ಲಿ, ಯೇಸು ಪಟ್ಟಣವನ್ನು ಕಂಡು ಅಳುತ್ತಾರೆ. ದೈವಾರಾಧನೆಯ ದೃಷ್ಟಿಯಿಂದ ಈ ಕತ್ತರಿಸುವಿಕೆಗೆ ಸಮರ್ಥನೆಯಿದೆ, ಏಕೆಂದರೆ ಕೆಲವೇ ನಿಮಿಷಗಳಲ್ಲಿ ಪೂಜೆಯೊಳಗೆ ಯಾತನೆಯ ವೃತ್ತಾಂತವೇ ಓದಲ್ಪಡುತ್ತದೆ. ಆದರೆ ಪ್ರಬೋಧಕನು ನಲವತ್ತಕ್ಕೆ ನಿಂತರೆ ಅವನಿಗೆ ಆ ಸಮರ್ಥನೆ ಇಲ್ಲ.

ಲೂಕರ ಈ ಭಾಗವನ್ನು ಅಖಂಡವಾಗಿ ಓದಿದಾಗ ಗಮನಿಸಬೇಕಾದ ಅಂಶವೊಂದಿದೆ. ಯೇಸು ಹರ್ಷವನ್ನು ಕಣ್ಣೀರಿನಿಂದ ರದ್ದುಗೊಳಿಸುವುದಿಲ್ಲ, ಕಣ್ಣೀರನ್ನು ಹರ್ಷದಿಂದ ಮುಚ್ಚುವುದೂ ಇಲ್ಲ. ಮೆರವಣಿಗೆ ಒಂದೇ, ದಾರಿ ಒಂದೇ, ವ್ಯಕ್ತಿಯೂ ಒಬ್ಬನೇ. ಶಾಂತಿಗೆ ಬೇಕಾದುದೇನೆಂಬುದನ್ನು ಆ ಪಟ್ಟಣ ಅರಿಯಲಿಲ್ಲವೆಂಬುದೇ ಅವರ ದುಃಖದ ಕಾರಣ. ಮರುಕ್ಷಣ ಅವರು ನಡೆಯುವುದು ದೇವಾಲಯದೊಳಗೆ, ವ್ಯಾಪಾರಿಗಳನ್ನು ಹೊರಗಟ್ಟಲು. ಹರ್ಷ, ಪ್ರಲಾಪ, ಪ್ರವಾದನೆಯ ಕೃತ್ಯ: ಇವು ಇಲ್ಲಿ ಒಂದರಿಂದೊಂದು ಹುಟ್ಟುತ್ತವೆ. ಇಲ್ಲಿ ತಕ್ಕಡಿಯಿಲ್ಲ.

ಪ್ರಲಾಪಗಳ ಗ್ರಂಥದ ರಚನೆಯೂ ಇದನ್ನೇ ಸೂಚಿಸುತ್ತದೆ. ಐದು ಗೀತೆಗಳ ಆ ಗ್ರಂಥದಲ್ಲಿ ನಂಬಿಕೆಯ ಮಾತು ಬರುವುದು ನಟ್ಟನಡುವೆ, ಮೂರನೆಯ ಅಧ್ಯಾಯದ 21ನೆಯ ವಚನದಿಂದ. ಅದು ಗ್ರಂಥದ ಮುಕ್ತಾಯವಲ್ಲ. ಅನಂತರವೂ ಅಳು ಮುಂದುವರಿಯುತ್ತದೆ. ಕೊನೆಯ ವಚನ ಉತ್ತರವಿಲ್ಲದೆಯೇ ನಿಲ್ಲುತ್ತದೆ. ಭರವಸೆಯನ್ನು ಕೊನೆಗಿಟ್ಟಿದ್ದರೆ ಅದು ಅಳುವಿನ ಬಾಯಿ ಮುಚ್ಚಿಸುತ್ತಿತ್ತು. ನಡುವೆ ಇಟ್ಟದ್ದರಿಂದ ಅದು ಅಳುವವರಿಗೆ ಮುಂದುವರಿಯುವ ಬಲ ಕೊಡುತ್ತದೆ. ಜನರ ಗಾಯವನ್ನು ಮೇಲುಮೇಲೆ ವಾಸಿಮಾಡಿ ಶಾಂತಿಯೆಂದು ಘೋಷಿಸುವವರನ್ನು ಯೆರೆಮೀಯನು ಖಂಡಿಸುವುದು (6:14) ಇದೇ ಕಾರಣಕ್ಕಾಗಿ.

ವಿರುದ್ಧ ದಿಕ್ಕಿನ ದೋಷ

ಹಾಗಾದರೆ ಕಳವಳದ ಸುದ್ದಿಯೇ ಸತ್ಯ, ಉಳಿದದ್ದು ಭ್ರಮೆ ಎಂದು ಹೇಳಬೇಕೇ? ಇಲ್ಲ. 2022ರ ಡಿಸೆಂಬರ್ 27ರಂದು ನಮ್ಮ ಜಿಲ್ಲೆಯ ಪಿರಿಯಾಪಟ್ಟಣದ ಸಂತ ಮೇರಿಯಮ್ಮನವರ ದೇವಾಲಯದಲ್ಲಿ ಬಾಲಯೇಸುವಿನ ಪ್ರತಿಮೆ ಹಾನಿಗೊಂಡ ಸುದ್ದಿ ಬಂತು. ಮರುದಿನ ಧರ್ಮಸಭೆಯು ಹೆರೋದನ ಕತ್ತಿಗೆ ಬಲಿಯಾದ ನಿರ್ದೋಷಿ ಶಿಶುಗಳನ್ನು ಸ್ಮರಿಸುವ ದಿನ. ಹೋಲಿಕೆ ತಾನಾಗಿಯೇ ನಾಲಗೆಗೆ ಬರುವಂತಿತ್ತು. ನನ್ನ ಫೋನಿಗೆ ಬಂದ ಸಂದೇಶಗಳಲ್ಲಿ ಅಪರಾಧಿಯ ಗುರುತು ಆಗಲೇ ನಿಶ್ಚಯವಾಗಿತ್ತು. ಆದರೆ ಅಲ್ಲಿ ಕಾಣಿಕೆಯ ಹಣವೂ ಕಳವಾಗಿತ್ತು. ಪೊಲೀಸರು ಕಳ್ಳತನದ ದಿಕ್ಕಿನಲ್ಲಿ ತನಿಖೆ ನಡೆಸಿದರು. ಅಷ್ಟು ಕಾಯುವ ತಾಳ್ಮೆ ನಮ್ಮಲ್ಲಿರಲಿಲ್ಲ. ಹೃದಯಸ್ಪರ್ಶಿ ದೃಶ್ಯ ನಮ್ಮನ್ನು ಅಗ್ಗವಾಗಿ ಸಂತೈಸುವಂತೆಯೇ, ಕಳವಳದ ಸುದ್ದಿಯೂ ನಮ್ಮನ್ನು ಅಗ್ಗವಾಗಿ ಹುತಾತ್ಮರನ್ನಾಗಿಸಬಲ್ಲದು. ಎರಡರಲ್ಲಿಯೂ ಕೊರತೆಯಾಗುವುದು ವಿವೇಚನೆ.

ಸಂತ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಗಳಲ್ಲಿ ಎರಡನೆಯ ವಾರಕ್ಕೆಂದು ನೀಡಿದ ವಿವೇಚನಾ ಸೂತ್ರಗಳು ಇಲ್ಲಿ ನೆರವಿಗೆ ಬರುತ್ತವೆ. ಸಾಂತ್ವನವೆಲ್ಲವೂ ದೇವರಿಂದ ಬರುವುದಲ್ಲ; ದುರಾತ್ಮವೂ ಸಾಂತ್ವನ ನೀಡಬಲ್ಲದು. ಆದ್ದರಿಂದ ಆಲೋಚನೆಯ ಆದಿ, ಮಧ್ಯ, ಅಂತ್ಯಗಳನ್ನು ಪರಿಶೀಲಿಸಬೇಕೆಂದು ಅವರು ವಿಧಿಸುತ್ತಾರೆ. ಬೆಚ್ಚಗಿನ ಭಾವನೆ ಎಲ್ಲಿ ತೊಡಗಿತು ಎಂಬುದಕ್ಕಿಂತ, ಅದು ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದು ಮುಖ್ಯ. ನೆರೆಯವನ ಬಾಗಿಲಿಗೆ ತಂದು ನಿಲ್ಲಿಸಿದ್ದರೆ ಅದು ಸಾಂತ್ವನ. ಮುಂದಿನ ವಿಡಿಯೊಗೆ ತಂದು ನಿಲ್ಲಿಸಿದ್ದರೆ ಅದು ಬೇರೇನೋ.

ಧರ್ಮಸಭೆಯ ಬೋಧನೆಯಲ್ಲಿ

ಪೋಪ್ ಫ್ರಾನ್ಸಿಸ್‌ರ 2017ರ ವಿಶ್ವ ಸಂವಹನ ದಿನದ ಸಂದೇಶವನ್ನು ಈ ರೂಢಿಯ ಸಮರ್ಥನೆಗೆ ಕೆಲವರು ಬಳಸುತ್ತಾರೆ. ಕೆಟ್ಟ ಸುದ್ದಿಯ ಗೀಳಿನಿಂದ ಹೊರಬಂದು ಶುಭಸಂದೇಶವೆಂಬ ಕನ್ನಡಕದ ಮೂಲಕ ವಾಸ್ತವವನ್ನು ನೋಡಬೇಕೆಂಬುದು ಅದರ ಕರೆ. ಆದರೆ ಮಾನವ ಯಾತನೆಯನ್ನು ಕಡೆಗಣಿಸುವ ಮುಗ್ಧ ಆಶಾವಾದವನ್ನು ಆ ಸಂದೇಶವೇ ನಿರಾಕರಿಸುತ್ತದೆಂಬುದನ್ನು ನಾವು ಮರೆಯುತ್ತೇವೆ. ಕನ್ನಡಕ ಹಾಕಿಕೊಳ್ಳುವುದು ನೋಡುವುದಕ್ಕಾಗಿ, ನೋಡದಿರುವುದಕ್ಕಲ್ಲ.

ವ್ಯಾಟಿಕನ್ನಿನ ಸಂವಹನ ವಿಭಾಗವು 2023ರ ಮೇ 28ರಂದು ಸಾಮಾಜಿಕ ಜಾಲತಾಣಗಳ ಕುರಿತು ಹೊರತಂದ ಮೇಷಪಾಲನಾ ಚಿಂತನೆಯು ದಯಾಳು ಸಮಾರಿಯದವನ ಸಾಮತಿಯನ್ನು ಆಧಾರವಾಗಿ ಹಿಡಿದಿದೆ. ಈ ಆಯ್ಕೆ ಉಚಿತವೇ. ಆದರೂ ಒಂದು ಅಪಾಯವನ್ನು ನಾವು ಗಮನಿಸಬೇಕು: ಆ ಸಾಮತಿಯೇ ಇಂದು ಹೃದಯಸ್ಪರ್ಶಿ ದೃಶ್ಯವಾಗಿ ಓದಲ್ಪಡುತ್ತಿದೆ. ಗಾಯ ಕಟ್ಟುವುದನ್ನು ನಾವು ಬಣ್ಣಿಸುತ್ತೇವೆ. ಮುಂದಿನ ವಚನವನ್ನು ದಾಟಿಬಿಡುತ್ತೇವೆ. ಲೂಕ 10:35 ತೊಡಗುವುದೇ ಮರುದಿನದ ಪ್ರಸ್ತಾಪದಿಂದ. ಸಮಾರಿಯದವನು ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಹೆಚ್ಚಿನ ಖರ್ಚಿನ ಹೊಣೆ ಹೊತ್ತು, ಮತ್ತೆ ಬರುವೆನೆನ್ನುತ್ತಾನೆ. ಕನಿಕರಕ್ಕೆ ಲೆಕ್ಕವಿದೆ, ಅವಧಿಯಿದೆ, ಹಿಂದಿರುಗುವ ಮಾತಿದೆ. ತರಕಾರಿ ಮಾರುವ ಆ ತಾಯಿ ನನ್ನನ್ನು ಕೇಳಿದ್ದು ಈ ವಚನವನ್ನೇ.

ಪ್ರಬೋಧಕರಿಗೆ

ಇದರಿಂದ ಒದಗುವ ಸೂಚನೆಗಳು ಸರಳ. ಸೌಹಾರ್ದದ ಘಟನೆಯನ್ನು ಹೇಳೋಣ; ಆದರೆ ಕಳವಳದ ಸುದ್ದಿಗೆ ಪರಿಹಾರವಾಗಿ ಅಲ್ಲ, ಅದರ ವಿರುದ್ಧ ಸಾಕ್ಷಿಯಾಗಿ. ನುಗ್ಗಿಕೇರಿಯ ವ್ಯಾಪಾರಿಗೆ ನೆರವಾದವರು ಆ ಹಿಂಸೆಯನ್ನು ಸರಿದೂಗಿಸಲಿಲ್ಲ. ಅದು ನಡೆಯಲೇಬೇಕಾಗಿರಲಿಲ್ಲವೆಂದು ಸಾಬೀತುಪಡಿಸಿದರು. ಎರಡನೆಯದಾಗಿ, ಹೇಳುವ ಮುನ್ನ ಮರುದಿನ ಏನಾಯಿತೆಂದು ವಿಚಾರಿಸೋಣ. ಸಾಧ್ಯವಾದರೆ ದೂರದ ದೃಶ್ಯಕ್ಕಿಂತ, ನಮ್ಮ ಧರ್ಮಕೇಂದ್ರದವರು ಹೋಗಿ ಸೇರಬಹುದಾದ ಹತ್ತಿರದ ಕೆಲಸವನ್ನು ಹೆಸರಿಸೋಣ. ಮೂರನೆಯದಾಗಿ, ಎಲ್ಲವನ್ನೂ ಪ್ರಬೋಧನೆಯೇ ಹೊರಬೇಕಿಲ್ಲ. ಶುಭ ಶುಕ್ರವಾರದ ಹತ್ತು ಮಹಾಪ್ರಾರ್ಥನೆಗಳಲ್ಲಿ ಒಂಬತ್ತನೆಯದು ಆಳುವವರಿಗಾಗಿ, ಹತ್ತನೆಯದು ಸಂಕಷ್ಟದಲ್ಲಿರುವವರಿಗಾಗಿ. ಈ ಎರಡನ್ನೂ ಧರ್ಮಸಭೆ ಅಕ್ಕಪಕ್ಕದಲ್ಲಿರಿಸಿದೆ. ಅವುಗಳ ನಡುವೆ ಸಿಹಿಸುದ್ದಿಯೊಂದನ್ನು ಸೇರಿಸಿಲ್ಲ. 2022ರ ಏಪ್ರಿಲ್ 15ರಂದು ನಾನೇ ಅವನ್ನು ಪಠಿಸಿದ್ದೆ. ಎರಡು ದಿನಗಳ ನಂತರ ಪೀಠದಲ್ಲಿ ನಿಂತಾಗ ಅವು ನನ್ನ ನೆನಪಿನಲ್ಲಿರಲಿಲ್ಲ.

ನಮ್ಮ ತರಗತಿಯಲ್ಲಿ ಈಗ ಒಂದು ಪುಟ್ಟ ನಿಯಮವಿದೆ. ಪ್ರಬೋಧನೆಯಲ್ಲಿ ಇಂಥ ದೃಶ್ಯವೊಂದನ್ನು ಬಳಸುವ ಗುರುವಿದ್ಯಾರ್ಥಿ, ಅದರ ಮರುದಿನದ ಕುರಿತು ಒಂದು ವಾಕ್ಯವನ್ನಾದರೂ ಬರೆಯಬೇಕು. ಬರೆಯಲಾಗದಿದ್ದರೆ ಆ ದೃಶ್ಯವನ್ನು ಪ್ರಬೋಧನೆಯಿಂದ ತೆಗೆದು ವಿಶ್ವಾಸಿಗಳ ಪ್ರಾರ್ಥನೆಗೆ ಒಯ್ಯಬೇಕು. ಕಳೆದ ಬಾರಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಾರ್ಥನೆಗೆ ಒಯ್ದರು. ಅವರ ಪ್ರಬೋಧನೆಗಳು ಮೊದಲಿಗಿಂತ ಮೊಟಕಾದವು. ಪ್ರಾರ್ಥನೆಗಳು ಮೊದಲಿಗಿಂತ ನಿಖರವಾದವು.