0.3ರ ಗಾಳಿ

ಉಪ್ಪಾರಪೇಟೆಯಲ್ಲಿ ಸದ್ದನ್ನು ಆರಿಸಿಕೊಳ್ಳುವ ಹಾಗಿಲ್ಲ. ಮೆಜೆಸ್ಟಿಕ್ ಬಸ್ಸುಗಳ ಹಾರನ್, ಲಾಡ್ಜಿನವರ ಕರೆ, ಆಟೊದವರ ಚೌಕಾಸಿ ಎಲ್ಲವೂ ಒಟ್ಟಿಗೇ ಕಿಟಕಿಯೊಳಗೆ ನುಗ್ಗುತ್ತವೆ. ಇಂಥ ಕಡೆ ಕೂತು 1996ರ ಕಂಪ್ಯೂಟರ್ ಆಟ 'ಕ್ವೇಕ್' ಆಡುವವನಿಗೆ, ಅದರ ಸೆಟ್ಟಿಂಗುಗಳನ್ನು ಬರೆದಿಡುವ ಸಿಎಫ್‌ಜಿ ಫೈಲು ಒಂದು ಸುಖ.

ಆಟದ ಮೆನುವಿನಲ್ಲಿ ಸದ್ದಿಗೆ ಇರುವುದು ಎರಡೇ ಸ್ಲೈಡರ್: ಸಿಡಿ ಸಂಗೀತಕ್ಕೊಂದು, ಮಿಕ್ಕಿದ್ದಕ್ಕೊಂದು. ಆದರೆ ನೀರಿನ ಸದ್ದು, ಬಯಲ ಗಾಳಿಯ ಮೊರೆತಕ್ಕೆ ಬೇರೆಯೇ ಹಿಡಿತವಿದೆ: 'ಆ್ಯಂಬಿಯೆಂಟ್_ಲೆವೆಲ್'. ಆಟದ ಜೊತೆ ಬರುವ ಅಳತೆ 0.3. ನೋಟ್‌ಪ್ಯಾಡಿನಲ್ಲಿ 'ಆಟೋಎಕ್ಸೆಕ್' ಎಂಬ ಸಿಎಫ್‌ಜಿ ಫೈಲು ತೆರೆದು, ಆ ಹೆಸರಿನ ಮುಂದೆ 0.1 ಎಂದು ಬರೆದಿಟ್ಟರೆ ಗಾಳಿ ತಗ್ಗುತ್ತದೆ. ಗೋಡೆಯಾಚೆಯ ರಾಕ್ಷಸನ ಗುರುಗುಟ್ಟುವಿಕೆ ಮಾತ್ರ ಹಾಗೇ ಉಳಿಯುತ್ತದೆ. ಆ ಗಾಳಿ ಎಷ್ಟು ಬೇಗ ಏರಬೇಕು, ಇಳಿಯಬೇಕು ಎನ್ನುವುದಕ್ಕೂ ಒಂದು ಸಾಲಿದೆ, 'ಆ್ಯಂಬಿಯೆಂಟ್_ಫೇಡ್'. ನೀರಿನ ಹತ್ತಿರ ಹೋದಾಗ ಸದ್ದು ದಿಢೀರನೆ ಮೈಮೇಲೆ ಬೀಳದೆ ಮೆಲ್ಲಗೆ ಏರುವುದು ಅದರಿಂದಲೇ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರು ಅದಕ್ಕೆ ಬೀಗ ಜಡಿಯದೆ, ಯಾರು ಬೇಕಾದರೂ ತಿದ್ದಲೆಂದು ಬರೀ ಅಕ್ಷರಗಳಲ್ಲಿ ಬಿಟ್ಟಿದ್ದಾರಲ್ಲ, ಅದೇ ನನಗೆ ದೊಡ್ಡತನವಾಗಿ ಕಾಣುತ್ತದೆ.

ಕ್ವೇಕ್ ಆಟವನ್ನು ನಡೆಸುವ ಎಂಜಿನ್ನನ್ನೇ ತಿದ್ದಿ 1998ರಲ್ಲಿ 'ಹಾಫ್-ಲೈಫ್' ಬಂತು, ಅದರ ಬೆನ್ನಿಗೆ 'ಕೌಂಟರ್-ಸ್ಟ್ರೈಕ್'. ಹಾಫ್-ಲೈಫ್ ನಾಯಕನ ಕವಚ ಮಾತಾಡುತ್ತದೆ. ಅದರ ದನಿಗೆ ಸಿಎಫ್‌ಜಿಯಲ್ಲಿ 'ಸೂಟ್‌ವಾಲ್ಯೂಮ್' ಎಂಬ ಸಾಲು. ಕೌಂಟರ್-ಸ್ಟ್ರೈಕ್‌ನಲ್ಲಿ ಮಾತಾಡುವ ಕವಚವೇ ಇಲ್ಲ, ಸಾಲು ಮಾತ್ರ ಅಲ್ಲೂ ಇದೆ. ಅಳಿಸಿ ನೋಡಿ, ಆಟ ಮುಚ್ಚುವಾಗ ಎಂಜಿನ್ ಅದನ್ನು ಮತ್ತೆ ಬರೆದಿಡುತ್ತದೆ.