ಪೊಟ್ಯಾಸಿಯಂ 6.4: ಒಂದು ರಕ್ತಪರೀಕ್ಷೆಯ ಸಾಲು ಸಾಲಿನ ವ್ಯಾಖ್ಯಾನ

ಕೆಂಪು ರಕ್ತಕಣದ ಪೊರೆ ಸೋರುವ ವಂಶಪಾರಂಪರ್ಯ ರಕ್ತಹೀನತೆಗಳು ಅಪರೂಪ. ಆದರೆ ಅವುಗಳ ಮೊದಲ ಸುಳಿವು ಸಿಗುವುದು ಮಾಮೂಲಿ ಲ್ಯಾಬ್ ರಿಪೋರ್ಟಿನಲ್ಲೇ. ಇಲ್ಲಿರುವುದು ವಿವರಣೆಗಾಗಿ ಹೆಣೆದ ಮಾದರಿ ವರದಿ; ಯಾವ ರೋಗಿಯದ್ದೂ ಅಲ್ಲ.

ಸಾಲು 1: ರಕ್ತ ತೆಗೆದದ್ದು ಬೆಳಗ್ಗೆ 6.30, ಮನೆಯಲ್ಲಿ, ಆರ್‌ಪಿಸಿ ಲೇಔಟ್. ಪರೀಕ್ಷೆ ಮಧ್ಯಾಹ್ನ 12.00.

ಯಾರೂ ಓದದ ಸಾಲು ಇದು. ದೇಹದೊಳಗೆ 37 ಡಿಗ್ರಿಯಲ್ಲಿದ್ದ ರಕ್ತ ಐದೂವರೆ ಗಂಟೆ ಟ್ಯೂಬಿನಲ್ಲಿ ಕೂತಿತ್ತು. ಬೆಂಗಳೂರಿನ ಜನವರಿ ಮುಂಜಾನೆ ಹದಿನೈದು, ಹದಿನಾರು ಡಿಗ್ರಿಗೆ ಇಳಿಯುತ್ತದೆ. ಮಾದರಿ ಒಯ್ಯುವ ಸ್ಕೂಟರಿನ ಹಿಂದಿನ ಐಸ್ ಪ್ಯಾಕ್ ಡಬ್ಬಿಯಲ್ಲಿ ಇನ್ನೂ ತಣ್ಣಗಿರುತ್ತದೆ. ಮುಂದಿನ ಸಾಲುಗಳನ್ನು ಈ ತಂಪನ್ನೂ ಈ ತಡವನ್ನೂ ನೆನಪಿಟ್ಟುಕೊಂಡೇ ಓದಬೇಕು.

ಸಾಲು 2: ಹಿಮೋಗ್ಲೋಬಿನ್ 10.2. ರೆಟಿಕ್ಯುಲೊಸೈಟ್ 6%. ಪರೋಕ್ಷ ಬಿಲಿರುಬಿನ್ 2.4.

ಹಿಮೋಗ್ಲೋಬಿನ್ ಕಡಿಮೆ ಎಂದ ಕೂಡಲೇ ಕಬ್ಬಿಣದ ಮಾತ್ರೆ ಬರೆಯುವುದು ನಮ್ಮಲ್ಲಿ ರೂಢಿ. ಆದರೆ ಇಲ್ಲಿ ಎಳೆಯ ಕಣಗಳು ಹೆಚ್ಚಿವೆ, ಬಿಲಿರುಬಿನ್ ಏರಿದೆ. ಅಂದರೆ ಕಣಗಳ ಉತ್ಪಾದನೆಗೆ ಕೊರತೆಯಿಲ್ಲ, ಅವು ಬೇಗ ಒಡೆಯುತ್ತಿವೆ. ಪೊರೆ ಸೋರುವ ಈ ಕಾಯಿಲೆಗಳಲ್ಲಿ ಒಮ್ಮೆಯೂ ರಕ್ತ ಹಾಕಿಸಿಕೊಳ್ಳದವರ ದೇಹದಲ್ಲೂ ಕಬ್ಬಿಣ ಶೇಖರವಾಗುತ್ತದೆ. ಆ ಶೇಖರವನ್ನು ತೋರಿಸುವ ಫೆರಿಟಿನ್ ನೋಡದೆ ಮಾತ್ರೆ ಕೊಡುವುದು ತಪ್ಪು.

ಸಾಲು 3: ಎಂಸಿಎಚ್‌ಸಿ 36.8. ಸ್ಮಿಯರ್: ಕೆಲವು ಸ್ಟೊಮ್ಯಾಟೊಸೈಟ್‌ಗಳು.

ಎಂಸಿಎಚ್‌ಸಿ ಏರಿದ್ದರೆ ಕಣದಲ್ಲಿ ಹಿಮೋಗ್ಲೋಬಿನ್ ಸಾಂದ್ರವಾಗಿದೆ, ನೀರು ಕಡಿಮೆಯಾಗಿದೆ ಎಂದರ್ಥ. ಪೊಟ್ಯಾಸಿಯಂ ಹೊರಗೆ ಸೋರಿದಾಗ ಅದರ ಹಿಂದೆಯೇ ನೀರೂ ಹೋಗುತ್ತದೆ. ಸ್ಟೊಮ್ಯಾಟೊಸೈಟ್ ಎಂದರೆ ನಡುವೆ ದುಂಡನೆಯ ಬಿಳುಪಿನ ಬದಲು ಉದ್ದ ಸೀಳು ಕಾಣುವ ಕಣ. ನೀರು ಕಳೆದುಕೊಳ್ಳುವ ಇಂಥ ಕಣಗಳು ವಂಶದಲ್ಲಿ ಬಂದ ಕುಟುಂಬಗಳಲ್ಲಿ ಅನೇಕರಲ್ಲಿ ಪೀಜೊ1 ಜೀನ್ ಬದಲಾಗಿರುತ್ತದೆ. ಇದು ತಿಳಿದದ್ದು 2012ರಲ್ಲಿ.

ಸಾಲು 4: ಪೊಟ್ಯಾಸಿಯಂ 6.4. (ಸಹಜ: 3.5–5.0)

ಮನೆಯವರು ಬೆಚ್ಚಿಬೀಳುವ ಸಾಲು. ನಿಜವಾಗಿಯೂ ಇಷ್ಟಿದ್ದರೆ ಹೃದಯದ ಬಡಿತವೇ ಏರುಪೇರಾಗಬಹುದು. ಆದ್ದರಿಂದ ತಕ್ಷಣ ಇಸಿಜಿ ಮಾಡಿಸಲೇಬೇಕು. ಅದು ಸಹಜವಾಗಿದ್ದು, ಮೂತ್ರಪಿಂಡವೂ ಚೆನ್ನಾಗಿದ್ದರೆ ಮೊದಲ ಸಾಲಿಗೆ ಮರಳಬೇಕು.

ರಕ್ತದ್ರವಕ್ಕಿಂತ ಕೆಂಪು ಕಣದೊಳಗೆ ಪೊಟ್ಯಾಸಿಯಂ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದನ್ನು ಒಳಗೇ ಕಾಯುವುದು ಪೊರೆಯಲ್ಲಿರುವ ಪಂಪು: ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ. ಓವರ್‌ಹೆಡ್ ಟ್ಯಾಂಕ್ ಸೋರುತ್ತಿದ್ದರೂ ಸಂಪಿನ ಮೋಟರ್ ಓಡುತ್ತಿರುವಷ್ಟು ಹೊತ್ತು ನೀರಿನ ಮಟ್ಟ ಇಳಿಯುವುದಿಲ್ಲ. ಕರೆಂಟ್ ಹೋದಾಗಲೇ ಸೋರಿಕೆ ಬಯಲಾಗುವುದು. ತಂಪು ಈ ಪಂಪನ್ನು ಹಾಗೆಯೇ ನಿಲ್ಲಿಸುತ್ತದೆ.

ಆರೋಗ್ಯವಂತರ ಕಣದಲ್ಲಿ ತಂಪಾದಂತೆ ಸೋರಿಕೆಯೂ ತಗ್ಗುತ್ತ ಹೋಗುತ್ತದೆ. ಸುಮಾರು 8 ಡಿಗ್ರಿಯಲ್ಲಿ ಅದು ಅತಿ ಕಡಿಮೆ. ಪೊರೆಯ ದೋಷವಿರುವ ಕುಟುಂಬಗಳಲ್ಲಿ ಲೆಕ್ಕ ಬೇರೆ. ಕೆಲವರಲ್ಲಿ ಸೋರಿಕೆ ತಕ್ಕಷ್ಟು ತಗ್ಗುವುದಿಲ್ಲ. ಕ್ರಯೊಹೈಡ್ರೊಸೈಟೋಸಿಸ್ ಇರುವವರಲ್ಲಿ ಇನ್ನೂ ತಣ್ಣಗಾದಂತೆ ಅದು ಮತ್ತೆ ಏರುತ್ತದೆ, ಕಣಗಳು ಟ್ಯೂಬಿನಲ್ಲೇ ಊದಿ ಒಡೆಯುತ್ತವೆ. ರಕ್ತಹೀನತೆಯೇ ಇಲ್ಲದೆ ಪೊಟ್ಯಾಸಿಯಂ ಮಾತ್ರ ಸೋರುವ ಕುಟುಂಬವೊಂದನ್ನು 1979ರಲ್ಲಿ ಎಡಿನ್‌ಬರೊದಲ್ಲಿ ಗುರುತಿಸಲಾಯಿತು. ಅದರ ಹಿಂದಿರುವ ಎಬಿಸಿಬಿ6 ಜೀನ್ 2013ರಲ್ಲಿ ಸಿಕ್ಕಿತು.

ಸಾಲು 5: ಹಿಮೋಲಿಸಿಸ್ ಕಂಡುಬಂದಿಲ್ಲ.

ಸೂಜಿ ಚುಚ್ಚುವಾಗ ಕಣ ಒಡೆದಿದ್ದರೆ ದ್ರವ ಕೆಂಪಾಗುತ್ತಿತ್ತು, ಲ್ಯಾಬಿನವರೇ ಮಾದರಿಯನ್ನು ತಿರಸ್ಕರಿಸುತ್ತಿದ್ದರು. ಇಲ್ಲಿ ಹಿಮೋಗ್ಲೋಬಿನ್ ಒಳಗೇ ಉಳಿದು ಅಯಾನುಗಳು ಮಾತ್ರ ಹೊರಬಂದಿವೆ. ದ್ರವ ತಿಳಿಯಾಗಿರುವುದರಿಂದಲೇ ಸಂಖ್ಯೆ ನಿಜವೆಂದು ನಂಬುವಂತಾಗುತ್ತದೆ.

ಸಾಲು 6: ರೋಗಿಯ ಸ್ಥಿತಿಯೊಂದಿಗೆ ತಾಳೆ ನೋಡುವುದು.

ಅಚ್ಚಾಗಿಯೇ ಬರುವ ಷರಾ ಇದು, ಆದರೂ ಇಲ್ಲಿ ತೂಕದ್ದು. ಎಂಸಿಎಚ್‌ಸಿ ಏರುವ ಇನ್ನೊಂದು ಕಾಯಿಲೆ ಸ್ಫೆರೊಸೈಟೋಸಿಸ್. ಅದು ತೀವ್ರವಾಗಿದ್ದಾಗ ಗುಲ್ಮ ತೆಗೆದರೆ ಗುಣ ಕಾಣುತ್ತದೆ. ಪೊರೆ ಸೋರುವ ಸ್ಟೊಮ್ಯಾಟೊಸೈಟೋಸಿಸ್‌ನಲ್ಲಿ ಅದೇ ಶಸ್ತ್ರಚಿಕಿತ್ಸೆಯ ನಂತರ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿ ಪ್ರಾಣಕ್ಕೇ ಅಪಾಯ ಬಂದದ್ದಿದೆ. ಎರಡನ್ನೂ ಬೇರ್ಪಡಿಸಿ ನೋಡದೆ ಗುಲ್ಮಕ್ಕೆ ಕೈ ಹಾಕಬಾರದು.

ಮನೆಯಲ್ಲಿ ಕಾಮಾಲೆ, ಪಿತ್ತಕೋಶದ ಕಲ್ಲು, ವಾಸಿಯಾಗದ ರಕ್ತಹೀನತೆ ತಲೆಮಾರಿನಿಂದ ಬಂದಿದ್ದರೆ ವೈದ್ಯರಿಗೆ ಹೇಳಿ. ಕಾರಣವಿಲ್ಲದೆ ಪೊಟ್ಯಾಸಿಯಂ ಏರಿದ್ದರೆ ವೈದ್ಯರನ್ನು ತಡಮಾಡದೆ ಕಂಡು, ಮರುಪರೀಕ್ಷೆಗೆ ಲ್ಯಾಬಿಗೇ ಹೋಗಿ ರಕ್ತ ಕೊಡಿ. ತಣ್ಣಗಾಗಲು ಬಿಡದೆ ಕೂಡಲೇ ದ್ರವ ಬೇರ್ಪಡಿಸಲು ಕೇಳಿ.